ಕೂಸಿನ ಕೈಯೂ ರಾಗಿಸರಿಯೂ

ಒಂಬತ್ತು ಹತ್ತು ತಿಂಗಳ ಕೂಸೊಂದರ ಮುಂದೆ ತಟ್ಟೆಯಲ್ಲಿ ಆರಿದ ರಾಗಿಸರಿಯನ್ನಿಟ್ಟು, ಏನನ್ನೂ ಹೇಳದೆ, ಅದರ ಕೈಯನ್ನೂ ಹಿಡಿಯದೆ, ಐದು ನಿಮಿಷ ಸುಮ್ಮನೆ ನೋಡುತ್ತ ಕುಳಿತುಕೊಳ್ಳಿರಿ. ಮೊದಲು ಒಂದು ಬೆರಳು ಮುಂದೆ ಬರುತ್ತದೆ. ಮುಟ್ಟಿ, ಬೆಚ್ಚಿದಂತೆ ಹಿಂದಕ್ಕೆ ಹೋಗುತ್ತದೆ. ತರುವಾಯ ಇಡೀ ಅಂಗೈ ಬರುತ್ತದೆ. ಅಂಗೈಯನ್ನು ಮೆಲ್ಲನೆ ಒತ್ತಿದಾಗ ಸರಿಯು ಬೆರಳುಗಳ ಸಂದಿನಿಂದ ಮೇಲಕ್ಕೇಳುತ್ತದೆ. ಪಟ್ಟನೆ ಬಡಿದಾಗ ಮುಖದವರೆಗೂ ಸಿಡಿಯುತ್ತದೆ. ಬೆರಳಿನಿಂದೆಳೆದ ಗೆರೆಯು ಕೆಲವು ಕ್ಷಣ ಹಾಗೆಯೇ ನಿಂತು, ಅಂಚುಗಳಿಂದ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಕೂಸು ಅದನ್ನು ನೋಡುತ್ತದೆ, ಮತ್ತೊಂದು ಗೆರೆಯನ್ನೆಳೆಯುತ್ತದೆ, ಮತ್ತೆ ನೋಡುತ್ತದೆ. ಇಷ್ಟು ಹೊತ್ತಿಗೆ ತಾಯಿಯೋ ಅಜ್ಜಿಯೋ ಬಂದು, "ಅಯ್ಯೋ, ಮೈಯೆಲ್ಲ ಬಳಿದುಕೊಂಡಿತಲ್ಲ!" ಎಂದು ಕೂಸನ್ನೆತ್ತಿಕೊಂಡು ಬಚ್ಚಲಿಗೆ ನಡೆಯುವುದರಿಂದ ಪ್ರಯೋಗವು ಅಲ್ಲಿಗೇ ನಿಂತುಹೋಗುತ್ತದೆ.

ಪ್ರಯೋಗವೆಂಬ ಮಾತನ್ನು ನಾವು ವಿನೋದಕ್ಕಾಗಿ ಬಳಸಿಲ್ಲ. ಒಂದು ಪದಾರ್ಥದ ಮೇಲೆ ಬೇರೆ ಬೇರೆ ಪ್ರಮಾಣದ ಬಲವನ್ನು ಹಾಕಿ, ಅದು ಹೇಗೆ ವರ್ತಿಸುತ್ತದೆಂದು ನೋಡಿ, ಮತ್ತೊಮ್ಮೆ ಹಾಗೆಯೇ ಮಾಡಿ ಖಚಿತಪಡಿಸಿಕೊಳ್ಳುವುದಕ್ಕೆ ಬೇರೆ ಹೆಸರಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಹರಳೆಣ್ಣೆ ತುಂಬಿದ ಉದ್ದನೆಯ ಗಾಜಿನ ಪಾತ್ರೆಯೊಳಗೆ ಉಕ್ಕಿನ ಗುಂಡನ್ನು ಬಿಟ್ಟು ಎಣ್ಣೆಯ ಸ್ನಿಗ್ಧತೆಯನ್ನು ಅಳೆಯುವಾಗ ಮಾಡುವುದೂ ಇದನ್ನೇ. ವ್ಯತ್ಯಾಸಗಳು ಎರಡು: ಕೂಸು ದಾಖಲೆ ಪುಸ್ತಕವನ್ನು ಬರೆಯುವುದಿಲ್ಲ, ಮತ್ತು ಪ್ರಯೋಗದ ಸಾಮಗ್ರಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಈ ಎರಡನೆಯ ವ್ಯತ್ಯಾಸದಿಂದಲೇ ಸಂತೆಮರಹಳ್ಳಿಯ ಬಳಿ ನಮಗೂ ಒಂದು ಶಿಶುವಿಹಾರದ ಹೆಂಗಸರಿಗೂ ಅಭಿಪ್ರಾಯಭೇದವುಂಟಾಯಿತು. ವಾದವು ಚಿಕ್ಕದು, ಆದರೆ ಅದರೊಳಗೆ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಸಾಕಷ್ಟು ಅಡಗಿರುವುದರಿಂದ ವಾಚಕರ ಮುಂದಿಡಲು ಯೋಗ್ಯವೆಂದು ತೋರಿತು.

ಚಾಮರಾಜನಗರದಿಂದ ಯಳಂದೂರು ಕೊಳ್ಳೇಗಾಲಗಳ ಕಡೆಗೆ ಹೋಗುವ ದಾರಿಯಲ್ಲಿ ಸಂತೆಮರಹಳ್ಳಿ ಇದೆ. ಅರಿಸಿನದ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಇರುವ ಸೀಮೆ. ಇಲ್ಲಿಂದ ಉತ್ತರಕ್ಕೆ ಕವಲೊಡೆಯುವ ರಸ್ತೆಯು ತಿ. ನರಸೀಪುರಕ್ಕೆ ಹೋಗುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ, ನಮ್ಮ ರಾಜ್ಯದ ಪಾಲಿಗೆ ಬಂದ ಮೊದಲನೆಯ ಸ್ಥಳ ಆ ತಿ. ನರಸೀಪುರವೇ. ಅಂಗನವಾಡಿಯ ಪಾಠವು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸುಗಳನ್ನು ಕೂಲಿಗೆ ಹೋಗುವ ತಾಯಿ ಎಲ್ಲಿ ಬಿಡಬೇಕು? ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದೆಂದು ಕರ್ನಾಟಕ ಸರ್ಕಾರವು ಪ್ರಕಟಿಸಿದ್ದು 2023ರಲ್ಲಿ. ಇವಲ್ಲದೆ ಖಾಸಗಿಯಾಗಿ ನಡೆಯುವ ಸಣ್ಣ ಶಿಶುವಿಹಾರಗಳೂ ಅಲ್ಲಲ್ಲಿ ಉಂಟು. ನಾವು ಹೇಳುತ್ತಿರುವುದು ಅಂತಹ ಒಂದರ ಮಾತು. ಹೆಸರು ಅನಾವಶ್ಯಕ, ನಮ್ಮ ತಂಗಿಯ ಕೂಸು ಅಲ್ಲಿಗೆ ಹೋಗುತ್ತದೆಂದರೆ ಸಾಕು. ಹದಿನಾಲ್ಕು ಕೂಸುಗಳು, ನೋಡಿಕೊಳ್ಳುವವರು ಇಬ್ಬರು ಹೆಂಗಸರು.

ಮಕ್ಕಳ ದಿನಾಚರಣೆಗೆಂದು ಅಲ್ಲಿ ಕೂಸುಗಳ ಅಂಗೈಗೆ ಬಣ್ಣ ಬಳಿದು, ಬಿಳಿಯ ಹಾಳೆಯ ಮೇಲೆ ಅಚ್ಚೊತ್ತಿಸಿ, ಆ ಅಚ್ಚುಗಳಿಗೆ ದಂಟು ಎಲೆಗಳನ್ನು ತಾವೇ ಬರೆದು ಹೂವಿನ ಗೊಂಚಲನ್ನಾಗಿ ಮಾಡಿ ಗೋಡೆಗೆ ತೂಗುಹಾಕಿದ್ದರು. ಚಿತ್ರವು ಅಂದವಾಗಿಯೇ ಇದ್ದಿತು. ಆದರೆ ಎಳೆಯ ಕೂಸಿನ ಅಂಗೈಗೆ ಏನನ್ನಾದರೂ ತಾಗಿಸಿದರೆ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಹುಟ್ಟಿನಿಂದಲೇ ಬರುವ ಈ ಪ್ರತಿವರ್ತನೆಯು ಐದಾರು ತಿಂಗಳಿಗೆ ಮರೆಯಾಗುವುದಾದರೂ, ಮುಷ್ಟಿ ಕಟ್ಟುವ ಅಭ್ಯಾಸವು ಉಳಿದೇ ಇರುತ್ತದೆ. ಆದುದರಿಂದ ಹಾಳೆಯ ಮೇಲೆ ಐದು ಬೆರಳುಗಳೂ ಬಿಚ್ಚಿದ ಅಚ್ಚು ಬರಬೇಕಾದರೆ ಯಾರಾದರೂ ಅವನ್ನು ಬಿಡಿಸಿ ಒತ್ತಲೇಬೇಕು. ಕೆಲವು ಕೂಸುಗಳು ಅತ್ತವಂತೆ. ಕೂಸಿನ ಕೈಯನ್ನು ಅಚ್ಚಿನ ಮೊಳೆಯಂತೆ ಬಳಸಿ ದೊಡ್ಡವರು ಬರೆದ ಚಿತ್ರವದು. ಅದರಲ್ಲಿ ಕೂಸಿಗೆ ಗೊತ್ತಾದುದೇನೂ ಇಲ್ಲ. ಇನ್ನು ಆ ಬಣ್ಣದ ಸೀಸೆಯನ್ನು ತರಿಸಿ ನೋಡಿದರೆ, ತಯಾರಿಸಿದವರ ಹೆಸರಾಗಲಿ, ಒಳಗೇನಿದೆಯೆಂಬ ವಿವರವಾಗಲಿ ಅದರ ಮೇಲೆ ಇರಲಿಲ್ಲ.

ನಾವು ಎರಡು ಮಾತುಗಳನ್ನು ಹೇಳಿದೆವು: ಈ ಬಣ್ಣ ಬೇಡ, ಬದಲಿಗೆ, ಬೇಯಿಸಿದ ರಾಗಿಸರಿಯನ್ನು ತಟ್ಟೆಯಲ್ಲಿಟ್ಟು ಕೂಸುಗಳು ತಮ್ಮಷ್ಟಕ್ಕೆ ಕೈಯಾಡಿಸಲಿ. ಶಿಶುವಿಹಾರದ ಹಿರಿಯಾಕೆಗೆ ಎರಡೂ ಒಪ್ಪಿಗೆಯಾಗಲಿಲ್ಲ. ಬಣ್ಣವನ್ನು ಒಂದೇ ನಿಮಿಷದಲ್ಲಿ ಒರೆಸುತ್ತಾರೆ, ಹಾಳೆಯನ್ನು ತಾಯಂದಿರು ಆಸೆಯಿಂದ ಮನೆಗೆ ಒಯ್ಯುತ್ತಾರೆ, ಅದರಲ್ಲಿ ತಪ್ಪೇನು? ರಾಗಿಸರಿಯಾದರೋ, "ಉಣ್ಣೋ ಪದಾರ್ಥ ಸಾ, ಅದರಲ್ಲಿ ಆಟ ಆಡಿಸಬಾರದು. ಮೈಯೆಲ್ಲ ನೆಂದರೆ ಕೂಸಿಗೆ ಶೀತ ಆಗ್ತದೆ. ಬಟ್ಟೆ ಕೊಳೆಯಾದರೆ ಅವರವ್ವ ನಮ್ಮನ್ನೇ ಕೇಳ್ತಾಳೆ. ಹದಿನಾಲ್ಕು ಕೂಸ ತೊಳೆಯೋಕೆ ನೀರು ಎಲ್ಲಿಂದ ತರೋದು?" ಹೀಗೆ, ಅವರು ಬೇಡವೆಂದ ಕೊಳೆಯನ್ನು ನಾವು ಬೇಕೆಂದೆವು, ಅವರು ನಿರ್ಮಲವೆಂದುಕೊಂಡಿದ್ದನ್ನು ನಾವು ಕೊಳೆಯೆಂದೆವು.

ಕೂಸು ಹೀಗೆ ಕೈಯಾಡಿಸುವುದರಿಂದ ಏನನ್ನಾದರೂ ಕಲಿಯುತ್ತದೆಯೇ ಎಂಬುದು ಮೊದಲು ವಿಚಾರಿಸಬೇಕಾದ ಪ್ರಶ್ನೆ. ಅಮೆರಿಕದ ಸೂಸನ್ ಹೆಸ್ಪೋಸ್ ಎಂಬ ಮನೋವಿಜ್ಞಾನಿಯೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚಮತ್ಕಾರವಾಗಿದೆ. ಐದು ತಿಂಗಳ ಕೂಸುಗಳಿಗೆ ಲೋಟದಲ್ಲಿ ನೀಲಿಯ ನೀರನ್ನು ಅತ್ತಿತ್ತ ಓಲಾಡಿಸಿ ತೋರಿಸಿದರು. ಬೇರೆ ಕೆಲವು ಕೂಸುಗಳಿಗೆ, ನೋಡಲು ಹಾಗೆಯೇ ಇರುವ ಆದರೆ ಲೋಟವನ್ನು ವಾಲಿಸಿದರೂ ಮೇಲ್ಮೈ ಕದಲದ ಘನವಸ್ತುವನ್ನು ತೋರಿಸಿದರು. ಆಮೇಲೆ ಒಂದು ಲೋಟದಿಂದ ಮತ್ತೊಂದಕ್ಕೆ ಸುರಿದರು. ಮೊದಲು ನೀರನ್ನು ಕಂಡಿದ್ದ ಕೂಸುಗಳು, ಅದು ಗಟ್ಟಿಯಾದ ಮುದ್ದೆಯಾಗಿ ಉರುಳಿಬಿದ್ದಾಗ ಹೆಚ್ಚು ಹೊತ್ತು ದಿಟ್ಟಿಸಿದವು. ಮಾತು ಬಾರದ ಕೂಸು ಆಶ್ಚರ್ಯವನ್ನು ತೋರ್ಪಡಿಸುವುದು ಹೀಗೆಯೇ. ಐದನೆಯ ತಿಂಗಳಿನಲ್ಲಿಯೇ ದ್ರವವು ಹೇಗೆ ನಡೆದುಕೊಳ್ಳಬೇಕು, ಘನವು ಹೇಗೆ ನಡೆದುಕೊಳ್ಳಬೇಕು ಎಂಬ ನಿರೀಕ್ಷೆಯು ಕೂಸಿನಲ್ಲಿ ಉಂಟೆಂದಾಯಿತು.

ರಾಗಿಸರಿಯು ಈ ಎರಡು ಜಾತಿಗಳಿಗೂ ಪೂರ್ತಿಯಾಗಿ ಸೇರದು. ಕಷ್ಟವಿರುವುದೂ ಸ್ವಾರಸ್ಯವಿರುವುದೂ ಅಲ್ಲಿಯೇ. ಕಲ್ಲಿನ ಗುಂಡಿಗೆ ಒಂದು ಆಕಾರವುಂಟು. ಅದನ್ನು ಕಣ್ಣಿನಿಂದಲೇ ಗುರುತಿಸಬಹುದು. ಸರಿ, ಮೊಸರು, ಬೆಲ್ಲದ ಪಾಕ ಇವುಗಳಿಗೆ ತಮ್ಮದೆಂಬ ಆಕಾರವಿಲ್ಲ. ಬಟ್ಟಲಿನಲ್ಲಿ ಬಟ್ಟಲಿನ ರೂಪ, ತಟ್ಟೆಯಲ್ಲಿ ತಟ್ಟೆಯ ರೂಪ. ಅವನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ತಿಳಿಯಬೇಕಾದರೆ ಮುಟ್ಟಬೇಕು, ಹಿಸುಕಬೇಕು, ಎಳೆಯಬೇಕು. ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಲಾರಿಸ್ಸಾ ಸ್ಯಾಮುಯೆಲ್ಸನ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಅಚ್ಚಾದ ಅಧ್ಯಯನವು ಇದನ್ನೇ ಪರೀಕ್ಷಿಸಿತು. ಹದಿನಾರು ತಿಂಗಳ ಮಕ್ಕಳ ಮುಂದೆ ಹೀಗೆ ಆಕಾರವಿಲ್ಲದ 14 ಪದಾರ್ಥಗಳನ್ನು, ಬಹುಮಟ್ಟಿಗೆ ತಿನ್ನುವ ಕುಡಿಯುವ ವಸ್ತುಗಳನ್ನೇ, ಇಟ್ಟು ಒಂದೊಂದಕ್ಕೂ ಒಂದು ಹೊಸ ಹೆಸರನ್ನು ಹೇಳಿದರು. ಬಳಿಕ ಅದೇ ಪದಾರ್ಥವನ್ನು ಬೇರೆ ಆಕಾರದಲ್ಲಿಟ್ಟು ಗುರುತಿಸುತ್ತವೆಯೇ ಎಂದು ನೋಡಿದರು. ಕೈಹಾಕಿ, ಚೆಲ್ಲಿ, ಬಾಯಿಗಿಟ್ಟುಕೊಂಡು ಹೆಚ್ಚು ಕೊಳೆ ಮಾಡಿದ ಮಕ್ಕಳೇ ಹೆಚ್ಚು ಸರಿಯಾಗಿ ಗುರುತಿಸಿದವು. ಊಟದ ಎತ್ತರದ ಕುರ್ಚಿಯಲ್ಲಿ, ಎಂದರೆ ಕೊಳೆ ಮಾಡುವುದು ರೂಢಿಯಾದ ಸ್ಥಳದಲ್ಲಿ, ಕುಳಿತವು ಇನ್ನೂ ಚೆನ್ನಾಗಿ ಗುರುತಿಸಿದವು. ಇಷ್ಟರಿಂದ, ಮೈಗೆ ಸರಿ ಬಳಿದುಕೊಂಡ ಕೂಸುಗಳೆಲ್ಲ ಮುಂದೆ ಮೇಧಾವಿಗಳಾಗುತ್ತವೆಂದು ಯಾರೂ ತೀರ್ಮಾನಿಸಬಾರದು. ಸ್ವಭಾವದಿಂದಲೇ ಕುತೂಹಲ ಹೆಚ್ಚಾಗಿರುವ ಮಗುವೇ ಹೆಚ್ಚು ಕೈಹಾಕಿರಬಹುದು. ಪದಾರ್ಥವನ್ನು ಅರಿಯುವುದಕ್ಕೆ ಮುಟ್ಟುವುದೇ ದಾರಿ ಎಂಬಷ್ಟು ಮಾತನ್ನು ಮಾತ್ರ ಈ ಅಧ್ಯಯನದ ಬಲದಿಂದ ಹೇಳಬಹುದು.

ಆ ತಟ್ಟೆಯೊಳಗಿನ ಸರಿಯಾದರೂ ಎಂತಹ ಪದಾರ್ಥ! ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟವಾದ ತನ್ನ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ, ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ತಡೆಯು ಜಾರುವ ವೇಗದ ಅನುಪಾತದಲ್ಲಿ ಇರುತ್ತದೆಂದು ಭಾವಿಸಿದನು. ನೀರು ಹರಳೆಣ್ಣೆಗಳು ಈ ನಿಯಮವನ್ನು ವಿಧೇಯತೆಯಿಂದ ಪಾಲಿಸುತ್ತವೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹರಳೆಣ್ಣೆಯ ಸ್ನಿಗ್ಧತೆಯು ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಆದರೆ ಮೆಲ್ಲನೆ ಕಲಕಿದರೂ ಅಷ್ಟೇ, ಜೋರಾಗಿ ಕಲಕಿದರೂ ಅಷ್ಟೇ. ರಾಗಿಸರಿಯು ಹಾಗಲ್ಲ. ರಾಗಿಯ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ನೀರಿನೊಡನೆ ಕಾದು 65-70 ಡಿಗ್ರಿಯ ಹತ್ತಿರಕ್ಕೆ ಬಂದಾಗ ನೀರನ್ನು ಹೀರಿ ಊದಿಕೊಳ್ಳುತ್ತವೆ. ಕೆಲವು ಒಡೆದು, ಒಳಗಿನ ಉದ್ದವಾದ ಅಣುಗಳು ಹೊರಬಂದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅಡುಗೆಮನೆಯಲ್ಲಿ 'ಸರಿ ಗಟ್ಟಿಯಾಯಿತು' ಎನ್ನುವುದು ಈ ಘಟನೆಗೇ. ಈ ಹೆಣಿಗೆಯು ಸಣ್ಣ ಬಲವನ್ನು ತಡೆದುಕೊಳ್ಳುತ್ತದೆ. ಆದುದರಿಂದಲೇ ಬೆರಳ ಗೆರೆಯು ಸ್ವಲ್ಪ ಹೊತ್ತು ನಿಲ್ಲುವುದು. ಬಲವು ಮೀರಿದರೆ ಹೆಣಿಗೆ ಬಿಡುತ್ತದೆ. ವೇಗವಾಗಿ ಕಲಕಿದಷ್ಟೂ ಸರಿಯು ತೆಳುವಾದಂತೆ ಹರಿಯುತ್ತದೆ. ನ್ಯೂಟನ್ನನ ನಿಯಮಕ್ಕೆ ಅಧೀನವಾಗದ ಇಂತಹ ದ್ರವಗಳನ್ನು ನಮ್ಮ ಪದವಿ ತರಗತಿಯಲ್ಲಿ ಒಂದು ಪುಟದಲ್ಲಿ ಮುಗಿಸಿಬಿಡುತ್ತಾರೆ.

ಇಲ್ಲಿ ಮೈಸೂರಿನ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಅಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆಯ ರಾಗಿಯಿಂದ ಕೂಸುಗಳಿಗೆ ಆಹಾರವನ್ನು ಸಿದ್ಧಪಡಿಸುವ ಬಗೆಯನ್ನು 1982ರಲ್ಲಿ ಪ್ರಕಟಿಸಿದರು. ಅವರು ಗಮನವಿಟ್ಟದ್ದು ಸ್ನಿಗ್ಧತೆಯ ಮೇಲೆಯೇ. ರಾಗಿಯು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ, ಪಿಷ್ಟದ ಉದ್ದವಾದ ಅಣುಗಳನ್ನು ತುಂಡರಿಸುತ್ತದೆ. ತುಂಡಾದ ಅಣುಗಳು ಹೆಣೆದುಕೊಳ್ಳಲಾರವು. ಆದುದರಿಂದ ಮೊಳಕೆಯ ಹಿಟ್ಟಿನ ಸರಿಯು ತೆಳುವಾಗಿಯೇ ಇರುತ್ತದೆ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಪುಟ್ಟ ಹೊಟ್ಟೆಯ ಕೂಸಿಗೆ ಇದರಿಂದಾಗುವ ಲಾಭವು ಸ್ಪಷ್ಟ. ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರದಲ್ಲಿ ಜಾಲಿಸುತ್ತಿದ್ದುದರ ಅರ್ಥ ಇದು. ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು: ಒಂದೇ ತೂಕದ ಸಾದಾ ಹಿಟ್ಟು, ಮೊಳಕೆಯ ಹಿಟ್ಟುಗಳನ್ನು ಒಂದೇ ಅಳತೆಯ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಓರೆಯಾಗಿಟ್ಟ ಸ್ಟೀಲು ತಟ್ಟೆಯ ಮೇಲ್ತುದಿಯಲ್ಲಿ ಒಂದೊಂದು ಚಮಚ ಹಾಕಿ, ಕೆಳಗಿಳಿಯಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಎಣಿಸಲಿ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎಂದು ಸಿಗುವ ಮೆಕ್ಕೆಜೋಳದ ಪಿಷ್ಟದ ಎರಡು ಪಾಲಿಗೆ ತಣ್ಣೀರು ಒಂದು ಪಾಲು ಬೆರೆಸಿದರೆ ತೀರ ವಿರುದ್ಧವಾದ ಗುಣವು ಕಾಣುತ್ತದೆ. ಬೆರಳನ್ನು ಮೆಲ್ಲನೆ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಕಲ್ಲಿನಂತೆ ನಿಲ್ಲುತ್ತದೆ! ಇದು ದೊಡ್ಡವರ ಆಟ. ಬೇಯಿಸದ ಹಿಟ್ಟಿನಲ್ಲಿ ರೋಗಾಣುಗಳಿರಬಹುದಾದ್ದರಿಂದ ಕೂಸಿಗೆ ಸಲ್ಲದು.

ಇನ್ನು ಶಿಶುವಿಹಾರದವರ ಆಕ್ಷೇಪಣೆಗಳು. ಅವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಒಂದೊಂದನ್ನೂ ಅಳೆದು ನೋಡಬೇಕು.

ಶೀತದ ಮಾತನ್ನೇ ತೆಗೆದುಕೊಳ್ಳೋಣ. ನೆಗಡಿಯು ವೈರಸ್ಸುಗಳಿಂದ ಬರುತ್ತದೆಯೇ ಹೊರತು ಒದ್ದೆಯಿಂದಲ್ಲ, ಇದು ನಿಜ. ಆದರೆ ಒದ್ದೆಯಾದ ಕೂಸಿನ ಮೈ ಬೇಗನೆ ತಣ್ಣಗಾಗುತ್ತದೆಂಬುದೂ ಅಷ್ಟೇ ನಿಜ. ಚರ್ಮದ ಮೇಲಿರುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವು ಬೇಕು. ಕೂಸಿನ ಕೈಕಾಲು ಎದೆಗಳ ಮೇಲೆ ಬಳಿದ ಸರಿಯಿಂದ 20 ಗ್ರಾಂ ನೀರು ಆರಿತೆಂದರೆ 11,600 ಕ್ಯಾಲೊರಿ ಹೋದಂತಾಯಿತು. ಎಂಟು ಕಿಲೊಗ್ರಾಂ ತೂಗುವ ಕೂಸಿನ ಮೈ ಒಂದು ಡಿಗ್ರಿ ತಣ್ಣಗಾಗಬೇಕಾದರೆ ಸುಮಾರು 6,600 ಕ್ಯಾಲೊರಿ ಹೋಗಬೇಕು. ಎಂದರೆ, ಆ ಶಾಖವೆಲ್ಲ ಮೈಯಿಂದಲೇ ಬಂದರೆ ಒಂದು ಮುಕ್ಕಾಲು ಡಿಗ್ರಿಯ ಇಳಿತ! ವಾಸ್ತವದಲ್ಲಿ ಸ್ವಲ್ಪ ಭಾಗವು ಸುತ್ತಲಿನ ಗಾಳಿಯಿಂದಲೂ ಬರಬಹುದು. ಮೈಯೂ ಶಾಖವನ್ನು ಉತ್ಪಾದಿಸುತ್ತಲೇ ಇರುತ್ತದೆ. ಆದರೂ ಪ್ರತಿ ಕಿಲೊಗ್ರಾಂ ತೂಕಕ್ಕೆ ಕೂಸಿನ ಚರ್ಮದ ವಿಸ್ತೀರ್ಣವು ದೊಡ್ಡವರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿರುವುದರಿಂದ, ಡಿಸೆಂಬರಿನ ಬೆಳಗಿನ ಎಂಟು ಗಂಟೆಯಲ್ಲಿ ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ. ಬಿಸಿಲೇರಿದ ಮೇಲೆ, ಗಾಳಿಯಿಲ್ಲದ ಪಡಸಾಲೆಯಲ್ಲಿ, ಹತ್ತು ನಿಮಿಷ. ಸರಿಯು ಮೈಮೇಲೆ ಒಣಗುವುದಕ್ಕೆ ಮೊದಲೇ ಒರೆಸಿಬಿಟ್ಟರೆ ಆವಿಯಾಗುವುದು ಅಲ್ಪ. ಹಿರಿಯಾಕೆಯ ಆಕ್ಷೇಪಣೆಯಲ್ಲಿ ಕಾರಣವು ತಪ್ಪು, ಎಚ್ಚರಿಕೆ ಸರಿ.

ನೀರಿನ ಪ್ರಶ್ನೆಗೆ ಒಂದು ಸಣ್ಣ ಲೆಕ್ಕವು ಸಹಾಯಕವಾಯಿತು. ಒರೆಸುವ ಬಟ್ಟೆಯನ್ನು ಹಿಂಡಿದ ಮೇಲೂ ಅದರಲ್ಲಿ 100 ಮಿಲಿಲೀಟರ್ ಕೊಳೆನೀರು ಉಳಿಯುತ್ತದೆಂದು ಇಟ್ಟುಕೊಳ್ಳಿರಿ. ಜಾಲಿಸಲು ನಮ್ಮ ಬಳಿ 900 ಮಿಲಿಲೀಟರ್ ಶುದ್ಧವಾದ ನೀರಿದೆ. ಎಲ್ಲವನ್ನೂ ಒಂದೇ ಸಲ ಬಳಸಿದರೆ ಕೊಳೆಯ ಹತ್ತರಲ್ಲೊಂದು ಭಾಗ ಉಳಿಯುತ್ತದೆ. ಅದನ್ನೇ 300 ಮಿಲಿಲೀಟರಿನಂತೆ ಮೂರು ಸಲಕ್ಕೆ ಹಂಚಿದರೆ, ಪ್ರತಿಸಲವೂ ನಾಲ್ಕರಲ್ಲೊಂದು ಭಾಗವುಳಿದು, ಕೊನೆಗೆ ಅರವತ್ತನಾಲ್ಕರಲ್ಲೊಂದು ಭಾಗವಾಗುತ್ತದೆ. ನೀರು ಅಷ್ಟೇ, ಶುಚಿಯು ಆರು ಪಟ್ಟಿಗೂ ಮಿಗಿಲು. ಲೆಕ್ಕವನ್ನು ಕೇಳಿದ ಸಹಾಯಕಿಯು, ತಮ್ಮ ಮನೆಯಲ್ಲಿ ಬೇಸಗೆಯಲ್ಲಿ ಪಾತ್ರೆ ತೊಳೆಯುವುದು ಯಾವಾಗಲೂ ಹೀಗೆಯೇ ಎಂದು ನಕ್ಕರು.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಸೆಕೆಯ ದಿನವಾದರೆ ಅಂಗಿಯನ್ನೇ ತೆಗೆದಿಟ್ಟರಾಯಿತು. ಸರಿಗೆ ಬಣ್ಣ ಬರಲೆಂದು ಅರಿಸಿನವನ್ನು ಬೆರೆಸುವವರು ಮಾತ್ರ ಒಂದನ್ನು ತಿಳಿದಿರಬೇಕು. ಅರಿಸಿನದ ಕಲೆಗೆ ಸೋಪು ಹಾಕಿದೊಡನೆ ಅದು ಕೆಂಪಾಗುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪು ತಿರುಗುವುದೇ ಇದಕ್ಕೆ ಕಾರಣ. ಆರತಿಯ ನೀರಿಗೆ ಅರಿಸಿನ ಸುಣ್ಣಗಳನ್ನು ಬೆರೆಸಿದಾಗ ಕಾಣುವ ಕೆಂಪೂ ಇದೇ. ಗಾಬರಿಯಾಗದೆ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ಬೆಳಕೇ ಆ ಅಣುವನ್ನು ಒಡೆದು, ಕಲೆಯು ತಾನಾಗಿಯೇ ಮಾಸುತ್ತದೆ.

ಬಣ್ಣದ ಸೀಸೆಯ ಪ್ರಶ್ನೆ ಇಷ್ಟು ಹಗುರವಾದುದಲ್ಲ. ಹಳದಿ, ಕಿತ್ತಳೆ, ಕೆಂಪು ವರ್ಣದ್ರವ್ಯಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುವುದು ಬಹು ಹಳೆಯ ಪದ್ಧತಿ. ಲೆಡ್ ಕ್ರೋಮೇಟ್ ಉಜ್ವಲವಾದ ಹಳದಿ. ಸೀಸದ ಕೆಂಪು ಆಕ್ಸೈಡ್ ಕಿತ್ತಳೆಗೆಂಪು. ಸೀಸವು ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟರವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಯಾವ ಮಟ್ಟವೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನುಂಗಿದ ಸೀಸದಲ್ಲಿ ಎಳೆಯ ಮಕ್ಕಳ ಮೈಗೆ ಸೇರುವ ಪಾಲು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಅಧಿಕ. ನಮ್ಮ ನಾಡಿಗೆ ಇದು ದೂರದ ಸುದ್ದಿಯೂ ಅಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ದೇಶದ ಹಲವು ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ, ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಮೋ ಅದಕ್ಕಿಂತ ಹೆಚ್ಚೋ ಸೀಸವು ಕಂಡುಬಂದಿತು. ಆಗ ಪೆಟ್ರೋಲಿನಲ್ಲಿಯೂ ಸೀಸವಿದ್ದಿತು. 2000ದಲ್ಲಿ ಅದು ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷವನ್ನು ಕುರಿತು ಹಲವು ವರ್ಷ ಎಡೆಬಿಡದೆ ದುಡಿದರು. ಮನೆಗೆ ಬಳಿಯುವ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮವು 2016ರಲ್ಲಿ ಹುಟ್ಟಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು.

ಈ 90 ಎಂಬ ಸಂಖ್ಯೆಯನ್ನು ಕೂಸಿನ ಬೆರಳಿಗೆ ಅನ್ವಯಿಸಿ ನೋಡಿರಿ. ಬೆರಳ ಸಂದಿನಲ್ಲಿ ಉಳಿದ ಬಣ್ಣದಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗವು ಬಾಯಿಗೆ ಹೋಯಿತೆಂದರೆ, ಗೋಡೆಗೆ ನಿರ್ದೋಷವೆನಿಸಿದ ಬಣ್ಣದಿಂದಲೇ 9 ಮೈಕ್ರೊಗ್ರಾಂ ಸೀಸವು ಹೋದೀತು. ನಿಯಮಕ್ಕೊಳಪಡದ, ಹತ್ತು ಲಕ್ಷಕ್ಕೆ ಸಾವಿರ ಭಾಗ ಸೀಸವಿರುವ ಬಣ್ಣವಾದರೆ 100 ಮೈಕ್ರೊಗ್ರಾಂ. ಮಕ್ಕಳ ಆಹಾರವನ್ನು ತೂಗಿನೋಡಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಟ್ಟುಕೊಂಡಿರುವ ಅಳತೆಯು ಇಡೀ ದಿನಕ್ಕೆ 2.2 ಮೈಕ್ರೊಗ್ರಾಂ. ಆ ಸೀಸೆಯಲ್ಲಿ ಸೀಸವಿದ್ದಿತೆಂದು ನಾವು ಹೇಳುತ್ತಿಲ್ಲ. ಇಲ್ಲವೆಂದು ಹೇಳುವುದಕ್ಕೆ ಅದರ ಮೇಲೆ ಒಂದಕ್ಷರವೂ ಇರಲಿಲ್ಲವೆಂಬುದೇ ನಮ್ಮ ತಕರಾರು. ಮಕ್ಕಳ ಬೆರಳುಬಣ್ಣಗಳಿಗಾಗಿಯೇ ಭಾರತೀಯ ಮಾನಕ ಸಂಸ್ಥೆಯು ಪ್ರತ್ಯೇಕವಾದ ನಿಯಮಗಳನ್ನು ಮಾಡಿದೆ. ಕೊಳ್ಳುವವರು ಆ ಗುರುತನ್ನು ಕೇಳಬಹುದು.

ಅರಿಸಿನವನ್ನೂ ಕಣ್ಣುಮುಚ್ಚಿ ನಂಬಲಾಗದು. ಬಾಂಗ್ಲಾದೇಶದ ಅರಿಸಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟನ್ನು ಬೆರೆಸುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಹೊರಗೆಡವಿದರು. ಕೊಂಬುಗಳಿಗೆ ಹೊಳಪು ಕೊಡುವಾಗಲೇ ಅದನ್ನು ಹಾಕುತ್ತಿದ್ದರು. ಸರ್ಕಾರವು ಕೈಹಾಕಿದ ಮೇಲೆ ಆ ಕಲಬೆರಕೆಯು ಎರಡು ವರ್ಷಗಳಲ್ಲಿ ಬಹುಮಟ್ಟಿಗೆ ನಿಂತಿತು. ಸಂತೆಮರಹಳ್ಳಿಯವರಿಗೆ ಇದರ ಚಿಂತೆ ಕಡಿಮೆ. ಹೊಲದಲ್ಲಿ ಬೆಳೆದು, ಬೇಯಿಸಿ ಒಣಗಿಸಿದ, ಹೊಳಪು ಕೊಡದ ಕೊಂಬು ನೆರೆಮನೆಯಲ್ಲಿಯೇ ಸಿಗುತ್ತದೆ. ಗುಂಡ್ಲುಪೇಟೆಯ ಕಡೆಯ ಬೀಟ್‌ರೂಟಿನ ರಸವಂತೂ ಇನ್ನೂ ನಿರಪಾಯ.

ಒದ್ದೆಯ ಗೊಡವೆಯೇ ಬೇಡ, ರಂಗೋಲಿಯ ಬಣ್ಣದ ಪುಡಿಯನ್ನು ತಟ್ಟೆಯಲ್ಲಿ ಕೊಟ್ಟರೆ ತೊಳೆಯುವ ಕೆಲಸವೂ ತಪ್ಪೀತಲ್ಲವೇ ಎಂದು ಅವರು ಕೇಳಿದರು. ಮೇಲುನೋಟಕ್ಕೆ ಯುಕ್ತವಾದ ಸಲಹೆ. ಆದರೆ ಹರಳೆಣ್ಣೆಯಲ್ಲಿ ಗುಂಡು ಬೀಳುವುದಕ್ಕೆ ಯಾವ ನಿಯಮವೋ, ಗಾಳಿಯಲ್ಲಿ ಧೂಳು ಬೀಳುವುದಕ್ಕೂ ಅದೇ ನಿಯಮ. ಸ್ಟೋಕ್ಸನು 1851ರಲ್ಲಿ ತೋರಿಸಿಕೊಟ್ಟಂತೆ, ಬೀಳುವ ವೇಗವು ಕಣದ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಕಲ್ಲುಪುಡಿಯ ಕಣವು ಕುಳಿತ ಕೂಸಿನ ಮೂಗಿನ ಎತ್ತರದಿಂದ, ಎಂದರೆ 40 ಸೆಂಟಿಮೀಟರಿನಿಂದ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ನೆಲ ಸೇರುತ್ತದೆ. ಅದರ ಹತ್ತನೆಯ ಒಂದು ಭಾಗದಷ್ಟು ಸಣ್ಣ ಕಣಕ್ಕೆ ಐವತ್ತು ಸೆಕೆಂಡು ಬೇಕು; ಅದಕ್ಕಿಂತಲೂ ಹತ್ತು ಪಟ್ಟು ಸಣ್ಣದಕ್ಕೆ ಒಂದು ಗಂಟೆಗೂ ಮೀರಿ. ಕೂಸು ಅಂಗೈಯಿಂದ ಒಮ್ಮೆ ಬಡಿದರೆ ಸಾಕು, ಅಷ್ಟು ಹೊತ್ತೂ ಆ ಸಣ್ಣ ಧೂಳನ್ನು ಉಸಿರಾಡುತ್ತಿರಬೇಕು. ಒಣಬೇಳೆ, ಮಣಿಗಳನ್ನು ತುಂಬಿದ ತಟ್ಟೆಗಳೂ ಇತ್ತೀಚೆಗೆ ಕೆಲವು ಕಡೆ ಬಳಕೆಗೆ ಬಂದಿವೆ. ಸುಮಾರು ಮೂರು ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಇಳಿಯಬಲ್ಲ ಯಾವುದನ್ನೂ ಈ ವಯಸ್ಸಿನ ಕೂಸಿಗೆ ಕೊಡಬಾರದು.

ಉಳಿದದ್ದು ಅನ್ನದ ಮಾತು. ಇದಕ್ಕೆ ಸಮೀಕರಣವಿಲ್ಲ. ರಾಗಿಯ ಬೆಲೆಯನ್ನು ಹೊಲದಲ್ಲಿ ಕಂಡವರು ಅದನ್ನು ನೆಲಕ್ಕೆ ಬಳಿಯಲು ಒಪ್ಪದಿರುವುದು ಸಹಜ. ತಿನ್ನುವ ತಟ್ಟೆಯಲ್ಲಿಯೇ ಆಡಬಹುದಲ್ಲ ಎಂದು ನಾವು ಹೇಳಿದ್ದು ಅವರಿಗೆ ಸಮಾಧಾನವನ್ನು ತರಲಿಲ್ಲ. ದಾರಿಯನ್ನು ತೋರಿಸಿದವರು ಸಹಾಯಕಿ. ಸರಿಯನ್ನು ಕಾಸಿದ ಪಾತ್ರೆಯ ಬದಿಗೂ ತಳಕ್ಕೂ ಹತ್ತಿಕೊಂಡ ಭಾಗವು ಹೇಗೂ ತೊಳೆಯುವಾಗ ಹೋಗುತ್ತದಷ್ಟೆ. ಕೂಸುಗಳಿಗೆಲ್ಲ ಉಣಿಸಿದ ಮೇಲೆ ಅದನ್ನೇ ಕೆರೆದು, ತುಸು ಬಿಸಿನೀರು ಬೆರೆಸಿ, ಅಗಲವಾದ ತಟ್ಟೆಯಲ್ಲಿ ಹಾಕಿಕೊಟ್ಟರಾಯಿತು ಎಂದರು. ಆಗತಾನೆ ಬೆಂದದ್ದು, ಬಾಯಿಗಿಟ್ಟುಕೊಂಡರೂ ಬಾಧಕವಿಲ್ಲದ್ದು, ಪೋಲೆಂದು ಯಾರೂ ಹೇಳಲಾಗದ್ದು. ಹೊಟ್ಟೆ ತುಂಬಿದ ಕೂಸಿಗೆ ಅದನ್ನು ತಿನ್ನುವ ಆತುರವೂ ಇರದು. ಈಗ ವಾರಕ್ಕೆ ಎರಡು ದಿನ, ಒಂದು ಸಲಕ್ಕೆ ನಾಲ್ಕೇ ಕೂಸುಗಳು. ಹದಿನಾಲ್ಕನ್ನೂ ಒಟ್ಟಿಗೆ ಕೂರಿಸುವುದು ಇಬ್ಬರ ಕೈಯಲ್ಲಿ ಆಗದ ಕೆಲಸವೆಂಬ ಅವರ ಮಾತಿಗೆ ನಮ್ಮ ಬಳಿ ಉತ್ತರವಿಲ್ಲ. ಮೂರನೆಯ ಒಬ್ಬರನ್ನು ನೇಮಿಸುವ ಶಕ್ತಿಯು ಆ ಶಿಶುವಿಹಾರಕ್ಕೆ ಇಲ್ಲ. ಕೈಹಾಕಲೊಲ್ಲದೆ ಮುಖ ತಿರುಗಿಸುವ ಕೂಸನ್ನು ಬಲವಂತಪಡಿಸಬಾರದೆಂಬುದನ್ನು ಇಬ್ಬರೂ ಒಪ್ಪಿದ್ದಾರೆ.

ಅಂಗೈಯ ಅಚ್ಚುಗಳ ವಿಷಯದಲ್ಲಿ ಮಾತ್ರ ರಾಜಿಯು ಪೂರ್ತಿಯಾಗಿಲ್ಲ. ಹೆಸರಿಲ್ಲದ ಸೀಸೆಗಳು ಹೋಗಿ ಬೀಟ್‌ರೂಟಿನ ರಸವು ಬಂದಿದೆ. ಆದರೆ ಆ ಕೆಂಪು ಬೆಳಕಿಗೆ ನಿಲ್ಲದು. ಕೆಲವು ವಾರಗಳಲ್ಲಿ ಕಂದಿ ಹಳದಿಗಟ್ಟುತ್ತದೆ. ಮಗಳ ಕೈ ಇಷ್ಟು ಚಿಕ್ಕದಾಗಿದ್ದಾಗಿನ ಗುರುತು ಉಳಿಯಲಿಲ್ಲವೆಂದು ಒಬ್ಬ ತಾಯಿ ಹೇಳಿಕೊಂಡರಂತೆ. ಹಿರಿಯಾಕೆಯು ಇದನ್ನು ನಮಗೆ ತಿಳಿಸಿ, ಮಾಸದ ಬಣ್ಣವನ್ನು ಹುಡುಕಿಕೊಡುವುದು ನಿಮ್ಮ ಕೆಲಸವೆಂದರು. ಸದ್ಯಕ್ಕೆ, ಏನೂ ಬಳಿಯದ ಕೂಸಿನ ಅಂಗೈಯನ್ನು ಹಾಳೆಯ ಮೇಲೆ ಹಗುರವಾಗಿ ಇರಿಸಿ, ಅಂಚಿನ ಸುತ್ತಲೂ ಸೀಸದ ಕಡ್ಡಿಯಿಂದ ಗೆರೆಯೆಳೆಯುತ್ತಿದ್ದಾರೆ. ಹೆಸರು ಸೀಸದ ಕಡ್ಡಿಯೆಂದಿದ್ದರೂ ಅದರೊಳಗಿರುವುದು ಗ್ರಾಫೈಟ್, ಸೀಸವಲ್ಲ.